ಬೆಡ್‌ಪ್ಯಾನ್ ತೊಳೆದ ಡಾಕ್ಟರ್, ನಮ್ಮ ಅಂಗಡಿಯ ಹಳದಿ ಗುಳಿಗೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು. ಈ ನಾಲ್ಕು ಪೇಟೆಗಳಲ್ಲಿ ಯಾವುದಾದರೂ ದೊಡ್ಡ ಔಷಧಿ ಅಂಗಡಿಗೆ ಡಾಕ್ಟರ ಚೀಟಿ ಹಿಡಿದು ಹೋಗಿ ‘ಮಿಥೋಟ್ರೆಕ್ಸೇಟ್’ ಎಂದು ಕೇಳಿ ನೋಡಿ. ಕಪಾಟಿನಲ್ಲಿ ಇದ್ದರೆ ಅಲ್ಲೇ ಕೊಡುತ್ತಾರೆ, ಇಲ್ಲದಿದ್ದರೆ ಹುಬ್ಬಳ್ಳಿಯಿಂದ ತರಿಸಿ ಕೊಡುತ್ತಾರೆ. ಸಣ್ಣ ಗುಳಿಗೆ, ಸಾಮಾನ್ಯವಾಗಿ ಹಳದಿ ಬಣ್ಣ, ಬೆಲೆಯೂ ಬಹಳ ಅಲ್ಲ. ಕೀಲು ಬಾತು ಕೈಕಾಲು ಸೊಟ್ಟಗಾದ ಸಂಧಿವಾತದ ಮಂದಿ ಇದನ್ನು ಹೆಚ್ಚಾಗಿ ಒಯ್ಯುತ್ತಾರೆ. ಆಗೊಮ್ಮೆ ಈಗೊಮ್ಮೆ ಇದೇ ಗುಳಿಗೆಗಾಗಿ ಮತ್ತೊಬ್ಬ ಗಿರಾಕಿ ಬರುತ್ತಾನೆ. ಅವನ ಚೀಟಿಯ ಮೇಲೆ ಇರುವುದು ಅವನ ಹೆಸರಲ್ಲ, ಅವನ ಮಗುವಿನ ಹೆಸರು. ರೋಗ ರಕ್ತದ ಕ್ಯಾನ್ಸರ್.

‘ಅಯ್ಯೋ, ಬ್ಲಡ್ ಕ್ಯಾನ್ಸರ್ ಅಂದ್ರ ಮುಗೀತಲ್ರೀ’ ಅನ್ನುವ ಮಾತು ಇಂದಿಗೂ ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ ಕೇಳಿಬರುತ್ತದೆ. ಮುಗಿದಿಲ್ಲ ಎಂದು ತೋರಿಸಿಕೊಟ್ಟ ಗುಳಿಗೆಗಳಲ್ಲಿ ಇದು ಮೊದಲ ಸಾಲಿನದು. ಇದರ ಹಿಂದೆ ಒಬ್ಬ ಭಾರತೀಯನ ಇಡೀ ಜೀವನವೇ ಇದೆ ಎಂಬ ಸಂಗತಿ ಮಾರುವವರಿಗೂ ಗೊತ್ತಿಲ್ಲ, ಕೊಳ್ಳುವವರಿಗೂ ಗೊತ್ತಿಲ್ಲ.

ರಕ್ತ ಕೆಡುವುದು ಎಲ್ಲಿ?

ಮೊದಲು ರೋಗದ ಮಾತು. ನಮ್ಮ ರಕ್ತ ತಯಾರಾಗುವುದು ಎಲುಬಿನ ಒಳಗಿನ ಮಜ್ಜೆಯಲ್ಲಿ. ಇದನ್ನೊಂದು ಕಾರ್ಖಾನೆ ಎಂದುಕೊಳ್ಳಿ. ಅಲ್ಲಿ ಮೂರು ಮಾಲು ಸಿದ್ಧವಾಗುತ್ತವೆ. ಉಸಿರಿನ ಗಾಳಿಯನ್ನು ಮೈಗೆಲ್ಲ ಮುಟ್ಟಿಸುವ ಕೆಂಪು ಕಣ, ಸೋಂಕಿನ ಜೊತೆ ಬಡಿದಾಡುವ ಬಿಳಿ ಕಣ, ಗಾಯವಾದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್. ರಕ್ತದ ಕ್ಯಾನ್ಸರಿನಲ್ಲಿ ಬಿಳಿ ಕಣದ ವಿಭಾಗ ಹುಚ್ಚೆದ್ದು ಅರೆಬೆಂದ ಮಾಲನ್ನೇ ರಾಶಿ ಹಾಕುತ್ತದೆ. ಉಳಿದ ಎರಡಕ್ಕೆ ಜಾಗವೇ ಸಿಗುವುದಿಲ್ಲ. ಕೆಂಪು ಕಣ ಕಡಿಮೆಯಾಗಿ ಮಗು ಬಿಳಿಚಿಕೊಳ್ಳುತ್ತದೆ. ಪ್ಲೇಟ್‌ಲೆಟ್ ಇಳಿದು ಒಸಡಿನಲ್ಲಿ ರಕ್ತ ಬರುತ್ತದೆ, ಪೆಟ್ಟು ಬೀಳದಿದ್ದರೂ ಮೈಮೇಲೆ ನೀಲಿ ಕಲೆ ಏಳುತ್ತದೆ. ಬಿಳಿ ಕಣ ರಾಶಿ ಇದ್ದರೂ ಕೆಲಸಕ್ಕೆ ಬಾರದ್ದಾದ್ದರಿಂದ ಜ್ವರ ಬಿಡುವುದಿಲ್ಲ. ಎಲುಬು ನೋಯುತ್ತದೆ, ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಳ್ಳಬಹುದು.

ಈ ರೋಗಕ್ಕೆ ‘ಬಿಳಿ ರಕ್ತ’ ಎಂಬ ಅರ್ಥದ ಲ್ಯುಕೇಮಿಯಾ ಎಂಬ ಹೆಸರಿಟ್ಟವನು ಜರ್ಮನಿಯ ವಿರ್ಕೋ, 1847ರಲ್ಲಿ. ಅಲ್ಲಿಂದ ಮುಂದೆ ನೂರು ವರ್ಷ ಡಾಕ್ಟರುಗಳಿಗೆ ಹೆಸರು ಹೇಳಲು ಬಂತೇ ಹೊರತು ಔಷಧಿ ಕೊಡಲು ಬರಲಿಲ್ಲ. ತೀವ್ರ ಸ್ವರೂಪದ ಲ್ಯುಕೇಮಿಯಾ ತಗಲಿದ ಮಕ್ಕಳು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ತೀರಿಕೊಳ್ಳುತ್ತಿದ್ದರು.

ಭೀಮಾವರದ ಹುಡುಗ

ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ನೆರೆಯ ಆಂಧ್ರದ ಭೀಮಾವರದಲ್ಲಿ. ಬಡ ಮನೆತನ. ಹದಿಮೂರರ ವಯಸ್ಸಿನಲ್ಲಿ ಹುಡುಗ ಮನೆ ಬಿಟ್ಟು ಓಡಿದ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಸಾಹುಕಾರ ಆಗಬೇಕೆಂಬ ಲೆಕ್ಕ! ತಾಯಿ ಹಿಡಿದು ತಂದು ಮತ್ತೆ ಶಾಲೆಗೆ ಹಾಕಿದಳು. ಮೆಟ್ರಿಕ್ ಎರಡು ಸಲ ನಪಾಸಾಗಿ ಮೂರನೆಯ ಸಲಕ್ಕೆ ಪಾಸಾಯಿತು. ನಪಾಸಾದ ಮಗನಿಗೆ ಬೈಯುವ ತಂದೆತಾಯಂದಿರು ಈ ಮಾತನ್ನು ನೆನಪಿಡಬೇಕು.

ಮುಂದೆ ಮದರಾಸು ಮೆಡಿಕಲ್ ಕಾಲೇಜು. ಅದು ಗಾಂಧೀಜಿಯವರ ಕಾಲ. ಸುಬ್ಬರಾವ್ ಆಪರೇಷನ್ ಕೋಣೆಗೂ ಖಾದಿ ಅಂಗಿ ತೊಟ್ಟು ಹೋದರು. ಇಂಗ್ಲಿಷ್ ಪ್ರೊಫೆಸರ್ ಸಾಹೇಬರಿಗೆ ಅದು ಸೇರಲಿಲ್ಲ. ಕೊನೆಗೆ ಕೈಗೆ ಬಂದದ್ದು ಎಂ.ಬಿ.ಬಿ.ಎಸ್. ಅಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿ. ಸರಕಾರಿ ನೌಕರಿ ದಕ್ಕದೆ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿದರು. ಇದರ ನಡುವೆ ಮನೆಗೆ ಸಿಡಿಲು ಬಡಿಯಿತು. ಸ್ಪ್ರೂ ಎಂಬ ಭೇದಿ ರೋಗಕ್ಕೆ ಇಬ್ಬರು ಸಹೋದರರು ಎಂಟೇ ದಿನಗಳ ಅಂತರದಲ್ಲಿ ತೀರಿಕೊಂಡರು. ತಿಂದದ್ದು ಮೈಗೆ ಹತ್ತದೆ ರಕ್ತ ಸೋತು ಸಾಯುವ ರೋಗ ಅದು.

1920ರ ದಶಕದ ಆರಂಭದಲ್ಲಿ, ಮಾವನ ನೆರವಿನಿಂದ, ಸುಬ್ಬರಾವ್ ಅಮೆರಿಕದ ಬೋಸ್ಟನ್ ತಲುಪಿದರು. ಎಳೆಯ ಹೆಂಡತಿಯನ್ನು ಊರಲ್ಲಿ ಬಿಟ್ಟು ಹೋದವರು ತಿರುಗಿ ಬರಲೇ ಇಲ್ಲ. ಎಲ್.ಎಂ.ಎಸ್. ಪದವಿಗೆ ಅಲ್ಲಿ ಕಿಮ್ಮತ್ತು ಇಲ್ಲ. ಹಗಲು ಹಾರ್ವರ್ಡಿನಲ್ಲಿ ಓದು, ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಬೆಡ್‌ಪ್ಯಾನ್ ತೊಳೆಯುವ ಕೆಲಸ. ಡಾಕ್ಟರೇ ಹೌದು, ಆದರೆ ಹೊಟ್ಟೆಗೆ ಬೇಕಲ್ಲ!

ಆದರೂ ಅಲ್ಲಿ ಅವರು ಮಾಡಿದ ಕೆಲಸ ಸಣ್ಣದಲ್ಲ. ರಕ್ತ, ಮೂತ್ರಗಳಲ್ಲಿ ರಂಜಕದ ಪ್ರಮಾಣ ಅಳೆಯುವ ಫಿಸ್ಕೆ-ಸುಬ್ಬರಾವ್ ವಿಧಾನ 1925ರಲ್ಲಿ ಹೊರಬಂತು. ಸ್ನಾಯುಗಳಿಗೆ ಶಕ್ತಿ ಒದಗಿಸುವ ಎ.ಟಿ.ಪಿ. ಎಂಬ ವಸ್ತುವನ್ನು 1929ರಲ್ಲಿ ಗುರುತಿಸಿದವರಲ್ಲಿ ಅವರೂ ಒಬ್ಬರು. ಇಷ್ಟಾದರೂ ಹಾರ್ವರ್ಡಿನಲ್ಲಿ ಖಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ನ್ಯೂಯಾರ್ಕ್ ಬಳಿಯ ಲೆಡರ್ಲಿ ಔಷಧಿ ಕಂಪನಿ ಸೇರಿ ಸಂಶೋಧನೆಯ ಮುಖ್ಯಸ್ಥರಾದರು.

ಮುಂಬಯಿ ಗಿರಣಿಯ ಬಸುರಿಯರು

ಈಗ ಕಥೆ ನಮ್ಮ ಕಡೆಗೇ ತಿರುಗುತ್ತದೆ. ಆಗ ಧಾರವಾಡ ಜಿಲ್ಲೆಯೊಳಗೆ ಹಾನಗಲ್ಲ, ಹಿರೇಕೆರೂರು, ಶಿಗ್ಗಾವಿ ಎಲ್ಲ ಮುಂಬಯಿ ಇಲಾಖೆಗೆ ಸೇರಿದ್ದವು. ಸವಣೂರಿನಲ್ಲಿ ನವಾಬರ ಆಡಳಿತ. ದುಡಿಮೆ ಹುಡುಕಿಕೊಂಡು ಊರೂರಿನ ಮಂದಿ ಮುಂಬಯಿ ಬಟ್ಟೆ ಗಿರಣಿಗಳಿಗೆ ಹೋಗುತ್ತಿದ್ದ ಕಾಲ. ಅಲ್ಲಿನ ಬಡ ಬಸುರಿ ಹೆಂಗಸರು ರಕ್ತಹೀನತೆಯಿಂದ ಸಾಯುತ್ತಿದ್ದರು. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ, ಯೀಸ್ಟಿನಿಂದ ಮಾಡಿದ ಅಗ್ಗದ ಸಾರವೊಂದನ್ನು ತಿನ್ನಿಸಿದರೆ ಈ ಹೆಂಗಸರು ಚೇತರಿಸಿಕೊಳ್ಳುತ್ತಾರೆಂದು ಕಂಡುಕೊಂಡರು. 1931ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಆ ಸಾರದಲ್ಲಿ ಇದ್ದ ಗುಣದ ವಸ್ತು ಯಾವುದು? ಸೊಪ್ಪಿನಲ್ಲಿ, ಈಲಿಯಲ್ಲಿ ಇರುವ ಫೋಲಿಕ್ ಆಮ್ಲ. ಹೊಸ ರಕ್ತಕಣ ಹುಟ್ಟಬೇಕಾದರೆ ಅದು ಬೇಕೇ ಬೇಕು.

ಅದನ್ನು ಕಾರ್ಖಾನೆಯಲ್ಲಿ ತಯಾರಿಸುವ ದಾರಿಯನ್ನು 1945ರಲ್ಲಿ ಹುಡುಕಿ ಕೊಟ್ಟದ್ದು ಸುಬ್ಬರಾವ್ ಅವರ ತಂಡ. ಇಬ್ಬರು ಸಹೋದರರನ್ನು ನುಂಗಿದ ಸ್ಪ್ರೂ ರೋಗಕ್ಕೂ ಇದೇ ಔಷಧಿಯಾಯಿತು. ಇಂದು ಆಶಾ ಕಾರ್ಯಕರ್ತೆಯರು ಹಳ್ಳಿ ಹಳ್ಳಿಯಲ್ಲಿ ಬಸುರಿಯರ ಕೈಗಿಡುವ ಕಬ್ಬಿಣದ ಗುಳಿಗೆಯಲ್ಲಿ ಕೂಡಿಸಿರುವುದು ಈ ಫೋಲಿಕ್ ಆಮ್ಲವನ್ನೇ. ಕಲಬುರಗಿ, ಬೀದರ ಕಡೆ ಆನೆಕಾಲು ರೋಗಕ್ಕೆ ಸರಕಾರ ಹಂಚಿದ ಡಿ.ಇ.ಸಿ. ಗುಳಿಗೆಯೂ ಇವರ ಪ್ರಯೋಗಶಾಲೆಯಿಂದಲೇ ಬಂದದ್ದು.

ಊಟದ ವೇಷದ ವಿಷ

ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ಡಾಕ್ಟರು ಲ್ಯುಕೇಮಿಯಾ ಮಕ್ಕಳಿಗೆ ಫೋಲಿಕ್ ಆಮ್ಲದ ಬಗೆಯ ಔಷಧಿ ಕೊಟ್ಟು ನೋಡಿದರು. ಆದದ್ದು ಉಲ್ಟಾ. ರೋಗ ಇನ್ನೂ ಜೋರಾಯಿತು. ಕ್ಯಾನ್ಸರ್ ಕಣಗಳೂ ಅದನ್ನೇ ಉಂಡು ಬೆಳೆಯುತ್ತಿದ್ದವು. ಹಾಗಾದರೆ ಊಟ ತಪ್ಪಿಸಿದರೆ? ನೋಡಲು ಫೋಲಿಕ್ ಆಮ್ಲದಂತೆಯೇ ಇರಬೇಕು, ಒಳಗೆ ಹೋದ ಮೇಲೆ ಕೆಲಸ ಕೆಡಿಸಬೇಕು. ಬೀಗದಲ್ಲಿ ಹೊಕ್ಕು ತಿರುಗದೆ ಸಿಕ್ಕಿಕೊಳ್ಳುವ ಖೊಟ್ಟಿ ಕೀಲಿಕೈ ಇದ್ದಂತೆ. ಅಂಥ ವಸ್ತುಗಳನ್ನು ಸುಬ್ಬರಾವ್ ತಂಡ ಮಾಡಿ ಕಳಿಸಿತು. ಅದರಲ್ಲಿ ಒಂದು ಅಮಿನಾಪ್ಟೆರಿನ್.

1948ರ ಜೂನ್ ತಿಂಗಳಲ್ಲಿ ಫಾರ್ಬರ್ ವರದಿ ಪ್ರಕಟವಾಯಿತು. 16 ಮಕ್ಕಳಿಗೆ ಕೊಟ್ಟಿದ್ದರು, 10 ಮಕ್ಕಳಲ್ಲಿ ಗುಣ ಕಂಡಿತ್ತು. ಹಾಸಿಗೆ ಹಿಡಿದವರು ಎದ್ದು ಆಡಿದರು. ಆದರೆ ಗುಣ ತಾತ್ಕಾಲಿಕ, ರೋಗ ಮರಳಿ ಬಂತು. ಆದರೂ ನೂರು ವರ್ಷ ಮುಚ್ಚಿದ್ದ ಬಾಗಿಲು ಮೊದಲ ಸಲ ಅಲುಗಿತ್ತು. ಅದೇ ಮನೆತನದ, ಸ್ವಲ್ಪ ಸೌಮ್ಯವಾದ ಔಷಧಿಯೇ ಮಿಥೋಟ್ರೆಕ್ಸೇಟ್.

ಬಾಗಿಲು ಪೂರ್ತಿ ತೆರೆದದ್ದನ್ನು ನೋಡಲು ಸುಬ್ಬರಾವ್ ಉಳಿಯಲಿಲ್ಲ. ಅದೇ 1948ರ ಆಗಸ್ಟಿನಲ್ಲಿ ನಿದ್ದೆಯಲ್ಲೇ ಹೃದಯಾಘಾತ. ವಯಸ್ಸು 53. ಅಮೆರಿಕದ ಪೌರತ್ವ ತೆಗೆದುಕೊಂಡಿರಲಿಲ್ಲ, ಸಾಯುವಾಗಲೂ ಭಾರತೀಯರೇ. ನೊಬೆಲ್ ಬರಲಿಲ್ಲ. ಭಾರತ ಸರಕಾರ 1995ರಲ್ಲಿ, ಅವರ ಜನ್ಮಶತಾಬ್ದಿಗೆ, ಒಂದು ಅಂಚೆ ಚೀಟಿ ತಂದಿತು.

ಅಂಗಳದ ಹೂವೂ ಔಷಧಿ

ಒಂದೇ ಔಷಧಿಯಿಂದ ರೋಗ ಬಗ್ಗಲಿಲ್ಲ, ಹಲವನ್ನು ಕೂಡಿಸಬೇಕಾಯಿತು. ಅದರಲ್ಲೊಂದು ನಮ್ಮ ಅಂಗಳದ್ದೇ. ಗುಡಿಯ ಸುತ್ತ, ಹಿತ್ತಲಿನಲ್ಲಿ, ನೀರು ಹಾಕದಿದ್ದರೂ ಹೂ ಬಿಡುವ ನಿತ್ಯಪುಷ್ಪ ಅಥವಾ ಕಾಶಿ ಕಣಗಿಲೆ ಯಾರಿಗೆ ಗೊತ್ತಿಲ್ಲ? ಸವಣೂರಿನ ದೊಡ್ಡಹುಣಸೆ ಮಠದ ದೈತ್ಯ ಮರಗಳ ಮೂಲ ಆಫ್ರಿಕವಾದರೆ, ಈ ಗಿಡದ ಮೂಲ ಅದರ ಪಕ್ಕದ ಮಡಗಾಸ್ಕರ್ ದ್ವೀಪ. ಇದರ ಎಲೆಯಿಂದ ತೆಗೆದ ವಿನ್‌ಕ್ರಿಸ್ಟಿನ್ ಎಂಬ ಚುಚ್ಚುಮದ್ದು 1963ರಿಂದ ಬಳಕೆಯಲ್ಲಿದೆ. ಆದರೆ ಎಚ್ಚರಿಕೆ! ಗಿಡ ಕಿತ್ತು ಕಷಾಯ ಮಾಡಿ ಕುಡಿಯುವುದು ಔಷಧಿಯಲ್ಲ, ವಿಷ. ಟನ್ನುಗಟ್ಟಲೆ ಎಲೆಯಿಂದ ಗ್ರಾಂ ಲೆಕ್ಕದಲ್ಲಿ ತೆಗೆದು, ಶುದ್ಧ ಮಾಡಿ, ತೂಕ ನೋಡಿ ಕೊಡುವ ಮದ್ದು ಅದು.

ಹೀಗೆ ಕೂಡಿಸಿ ಕೂಡಿಸಿ, ಇಂದು ಮುಂದುವರಿದ ದೇಶಗಳಲ್ಲಿ ಮಕ್ಕಳಿಗೆ ಹೆಚ್ಚಾಗಿ ಬರುವ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ತಗಲಿದ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಗುಣವಾಗುತ್ತಾರೆ. ನಮ್ಮ ದೇಶದಲ್ಲಿ 1984ರಲ್ಲಿ ಮುಂಬಯಿಯ ಟಾಟಾ ಆಸ್ಪತ್ರೆ, ದಿಲ್ಲಿಯ ಏಮ್ಸ್, ಮದರಾಸಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಸೇರಿ ಒಂದೇ ಕ್ರಮದ ಚಿಕಿತ್ಸೆ ಶುರು ಮಾಡಿದವು. ಅದಕ್ಕೂ ಮೊದಲು ಐವರಲ್ಲಿ ಒಬ್ಬರು ಉಳಿದರೆ ಹೆಚ್ಚು ಎನ್ನುವಂತಿತ್ತು. ಆ ಕ್ರಮದ ನಂತರ ಸುಮಾರು ಅರ್ಧದಷ್ಟು ಮಕ್ಕಳು ಉಳಿಯತೊಡಗಿದರು.

ಬೆಂಗಳೂರಿನಲ್ಲಿ ಮುಂದುವರಿದ ಕೆಲಸ

ಕರ್ನಾಟಕದಲ್ಲಿ ಈ ರೋಗಕ್ಕೆ ಬಡವರ ದೊಡ್ಡ ಆಸರೆ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ. ಅದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆ, ಹಳೆಯ ಮಂದಿ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವುದು, ಅಲ್ಲಿ ರೋಗದ ಬೇರಿಗೇ ಕೈ ಹಾಕಿದ ವಿಜ್ಞಾನಿ ಒಬ್ಬರಿದ್ದಾರೆ. ಅವರು ಪ್ರೊ. ಸತೀಶ್ ರಾಘವನ್. ಸುಬ್ಬರಾವ್ ಬಾಳೆಹಣ್ಣು ಮಾರಲು ಹೊರಟಿದ್ದ ಅದೇ ಕಾಶಿಯಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ, ಇವರು ಪಿಎಚ್‌.ಡಿ. ಮಾಡಿದರು. ಆಮೇಲೆ ಅಮೆರಿಕಕ್ಕೆ ಹೋದರು. ಸುಬ್ಬರಾವ್ ಮರಳಲಿಲ್ಲ, ಇವರು ಮರಳಿದರು. 2006ರಲ್ಲಿ ಬೆಂಗಳೂರಿನ ಸಂಸ್ಥೆಗೆ ಸೇರಿದರು.

ಅವರ ಪ್ರಶ್ನೆ ಸರಳ. ನಮ್ಮ ಪ್ರತಿ ಜೀವಕಣದಲ್ಲಿ ವಂಶವಾಹಿಯ 46 ಎಳೆಗಳು ಇವೆ, ಅವೇ ಕ್ರೋಮೋಸೋಮು. ಹಲವು ರಕ್ತದ ಕ್ಯಾನ್ಸರಿನಲ್ಲಿ ಎರಡು ಎಳೆ ತುಂಡಾಗಿ ಒಂದರ ತುದಿ ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಮೈಯಲ್ಲಿ ಹರಡಿರುವ ದುಗ್ಧಗ್ರಂಥಿಗಳಿಗೆ ಬರುವ ಒಂದು ಬಗೆಯ ಕ್ಯಾನ್ಸರಿನಲ್ಲಿ 14 ಮತ್ತು 18ನೇ ಎಳೆಗಳು ಹೀಗೆ ಅದಲುಬದಲಾಗುತ್ತವೆ. ಇಷ್ಟುದ್ದದ ಎಳೆ ಪ್ರತಿ ಸಲ ಅದೇ ಜಾಗದಲ್ಲಿ ಯಾಕೆ ಕಡಿಯುತ್ತದೆ?

ದರ್ಜಿಯ ಅಂಗಡಿ ನೆನೆಸಿಕೊಳ್ಳಿ. ಸೋಂಕಿನ ವಿರುದ್ಧ ಬೇರೆ ಬೇರೆ ಆಯುಧ ತಯಾರಿಸಲು ಬಿಳಿ ಕಣಗಳು ತಮ್ಮ ವಂಶವಾಹಿಯನ್ನೇ ಕತ್ತರಿಸಿ ಹೊಲಿಯುತ್ತವೆ. ಅದಕ್ಕೆಂದೇ ‘ರ‍್ಯಾಗ್’ ಎಂಬ ಕತ್ತರಿ ಇದೆ. 18ನೇ ಎಳೆಯ ಒಂದು ಕಡೆ ಬಟ್ಟೆ ಮಡಿಕೆ ಬಿದ್ದಂತೆ ವಿಚಿತ್ರ ಆಕಾರ ಇರುತ್ತದೆ, ಕತ್ತರಿ ಅದನ್ನು ತಪ್ಪು ತಿಳಿದು ಅಲ್ಲಿಯೂ ಕತ್ತರಿಸಿಬಿಡುತ್ತದೆ. ರಾಘವನ್ ಅಮೆರಿಕದಲ್ಲಿದ್ದಾಗ ಕಂಡುಕೊಂಡ ಈ ಸಂಗತಿ 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅಂದರೆ ಈ ಕ್ಯಾನ್ಸರಿನ ಮೂಲ ಪಾಪವೂ ಅಲ್ಲ, ಮಾಟವೂ ಅಲ್ಲ. ಮೈ ಕಾಯುವ ಕತ್ತರಿಯೇ ಕೈತಪ್ಪಿದ್ದು.

ಬೆಂಗಳೂರಿಗೆ ಬಂದ ಮೇಲೆ ಅವರ ತಂಡ ಇನ್ನೊಂದು ದಾರಿ ಹಿಡಿಯಿತು. ತುಂಡಾದ ಎಳೆಯನ್ನು ಅಂಟಿಸುವ ಕೆಲಸಕ್ಕೆ ಅಡ್ಡ ಬಂದರೆ ಕ್ಯಾನ್ಸರ್ ಕಣ ಸಾಯುತ್ತದಲ್ಲವೆ? ಹಾಗೆ ಹುಟ್ಟಿದ್ದು ಎಸ್‌ಸಿಆರ್-7 ಎಂಬ ವಸ್ತು. 2012ರ ಕೊನೆಗೆ ‘ಸೆಲ್’ ಪತ್ರಿಕೆಯಲ್ಲಿ ಇದರ ವರದಿ ಬಂತು. ಈ ಕೆಲಸದಲ್ಲಿ ಬೆಂಗಳೂರಿನ ಕೆ.ಎಲ್.ಇ. ಫಾರ್ಮಸಿ ಕಾಲೇಜಿನ ಸುಭಾಷ ಕರ್ಕಿ ಅವರೂ ಪಾಲುದಾರರು. ಹಾವೇರಿಯ ಗುದ್ಲೆಪ್ಪ ಹಳ್ಳಿಕೇರಿ ಕಾಲೇಜು ನಡೆಸುವ ಅದೇ ಕೆ.ಎಲ್.ಇ. ಸಂಸ್ಥೆ! 2013ರಲ್ಲಿ ರಾಘವನ್‌ರಿಗೆ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಬಂತು.

ಇದು ಔಷಧಿಯಾಗಿ ಅಂಗಡಿಗೆ ಬಂದಿಲ್ಲ ಎಂಬುದನ್ನೂ ಹೇಳಬೇಕು. ಆಗಿರುವ ಪ್ರಯೋಗಗಳು ಜೀವಕಣ ಮತ್ತು ಇಲಿಗಳ ಮೇಲೆ. 2016ರಲ್ಲಿ ವಿದೇಶದ ವಿಜ್ಞಾನಿಗಳು ಇದರ ರಚನೆ ಮತ್ತು ಕೆಲಸದ ಬಗ್ಗೆ ಪ್ರಶ್ನೆಯನ್ನೂ ಎತ್ತಿದರು. ವಿಜ್ಞಾನ ನಡೆಯುವುದೇ ಹೀಗೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿಕ್ಕಿ ನೋಡುತ್ತಾರೆ. ‘ಬೆಂಗಳೂರಿನ ಹೊಸ ಔಷಧಿ ತರಿಸಿ ಕೊಡ್ತೀನಿ’ ಎಂದು ಯಾರಾದರೂ ದುಡ್ಡು ಕೇಳಿದರೆ ನಂಬಬೇಡಿ.

ಎಳೆ ಅದಲುಬದಲಾದ ತಿಳಿವಳಿಕೆಯಿಂದ ನಿಜವಾದ ಗುಳಿಗೆ ಹುಟ್ಟಿದ್ದೂ ಉಂಟು. ದೊಡ್ಡವರಿಗೆ ಬರುವ ದೀರ್ಘಕಾಲದ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ 9 ಮತ್ತು 22ನೇ ಎಳೆಗಳು ಬದಲಾಗಿರುತ್ತವೆ. ಅದಕ್ಕೆ ಸರಿಯಾಗಿ ಮಾಡಿದ ಇಮಾಟಿನಿಬ್ ಗುಳಿಗೆ 2001ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಇದರ ಮೇಲೆ ವಿದೇಶಿ ಕಂಪನಿ ಕೇಳಿದ ಪೇಟೆಂಟನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿದ್ದ ಗುಳಿಗೆ ದೇಶೀ ಕಂಪನಿಗಳಿಂದ ಕೆಲವು ಸಾವಿರಕ್ಕೆ ಸಿಗುವ ಬಾಗಿಲು ತೆರೆದೇ ಉಳಿಯಿತು.

ಸೋಲುವುದು ದಾರಿಯಲ್ಲಿ

ಔಷಧಿ ಇದೆ, ಡಾಕ್ಟರಿದ್ದಾರೆ. ಹಾಗಾದರೆ ಮಕ್ಕಳು ಯಾಕೆ ಸಾಯುತ್ತಾರೆ? ಅನೇಕ ಸಲ ಚಿಕಿತ್ಸೆ ನಡುವೆ ಬಿಟ್ಟದ್ದಕ್ಕೆ.

ಮಕ್ಕಳ ಲ್ಯುಕೇಮಿಯಾ ಚಿಕಿತ್ಸೆ ಎರಡರಿಂದ ಮೂರು ವರ್ಷದ್ದು. ಮೊದಲ ಕೆಲವು ತಿಂಗಳು ಆಸ್ಪತ್ರೆಯಲ್ಲಿ ಬಿರುಸಿನ ಚುಚ್ಚುಮದ್ದು. ತಿಂಗಳೊಳಗೇ ಬಹುತೇಕ ಮಕ್ಕಳ ರಕ್ತ ತಿಳಿಯಾಗುತ್ತದೆ. ಕೂದಲು ಮತ್ತೆ ಬರುತ್ತದೆ, ಮಗು ಆಟಕ್ಕೆ ಹೋಗುತ್ತದೆ. ಆಗ ಮನೆಯಲ್ಲಿ ಮಾತು ಬದಲಾಗುತ್ತದೆ. ‘ಆರಾಮ ಆಗೇತಲ್ಲ, ಇನ್ನ್ಯಾಕ ಬೆಂಗಳೂರು? ಗೋವಿನಜೋಳ ಕೊಯ್ಲಿಗೆ ಬಂದೈತಿ, ಸಾಲ ಮೈಮ್ಯಾಲೆ ಐತಿ.’ ಹಾವೇರಿಯಿಂದ ಬೆಂಗಳೂರು 300 ಕಿಲೋಮೀಟರಿಗೂ ಹೆಚ್ಚು. ಹಿರೇಕೆರೂರಿನ ಕೂಲಿ ಮನುಷ್ಯನಿಗೆ ಒಂದು ಸಲ ಹೋಗಿಬರುವುದೆಂದರೆ ಎರಡು ಮೂರು ದಿನದ ಪಗಾರ ಹೋದಂತೆಯೇ. ಅವನನ್ನು ಬೈದು ಪ್ರಯೋಜನವಿಲ್ಲ.

ಆದರೆ ಉಳಿದ ಆ ಎರಡು ವರ್ಷವೇ ಮುಖ್ಯ. ಕಣ್ಣಿಗೆ ಕಾಣದೆ ಅಡಗಿದ ಕ್ಯಾನ್ಸರ್ ಕಣಗಳನ್ನು ಕೊಲ್ಲಲು ದಿನಾ ಮರ್ಕಾಪ್ಟೊಪ್ಯುರಿನ್ ಗುಳಿಗೆ, ವಾರಕ್ಕೊಮ್ಮೆ ಮಿಥೋಟ್ರೆಕ್ಸೇಟ್. ಇದನ್ನು ಬಿಟ್ಟರೆ ಹೊಲದಲ್ಲಿ ಕಸ ಕಿತ್ತು ಬೇರು ಬಿಟ್ಟಂತೆ. ಮರಳಿ ಬಂದ ರೋಗ ಮೊದಲಿನ ಔಷಧಿಗೆ ಸುಲಭದಲ್ಲಿ ಬಗ್ಗುವುದಿಲ್ಲ.

ಸೌಲಭ್ಯಗಳು ಇಲ್ಲವೇ ಇಲ್ಲ ಎಂದಲ್ಲ. 2018ರಿಂದ ಇರುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ರೈಲ್ವೆಯಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆ ಪೂರ್ತಿ ಮಾಫಿ, ಜೊತೆಗೆ ಹೋಗುವವರಿಗೆ ಮುಕ್ಕಾಲು ಪಾಲು ರಿಯಾಯಿತಿ. ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು ಅಷ್ಟೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ತಾಯಿಗೆ ಟಿಕೆಟ್ ದುಡ್ಡಿಲ್ಲ. ಬೆಂಗಳೂರೇ ಬೇಕೆಂದೂ ಇಲ್ಲ, ಹುಬ್ಬಳ್ಳಿಯ ನವನಗರದಲ್ಲಿಯೂ ಕ್ಯಾನ್ಸರ್ ಆಸ್ಪತ್ರೆ ಇದೆ. ಯಾವ ಹಂತದ ಚಿಕಿತ್ಸೆ ಹತ್ತಿರದಲ್ಲೇ ಆದೀತು ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಬೇಕು.

ಅಂಗಡಿಕಾರರೇ, ಒಂದು ಮಾತು

ಕೊನೆಯ ಮಾತು ಔಷಧಿ ಅಂಗಡಿಯವರಿಗೆ, ಗುಳಿಗೆ ಒಯ್ಯುವವರಿಗೆ. ಸಂಧಿವಾತಕ್ಕಾಗಲಿ, ಲ್ಯುಕೇಮಿಯಾದ ಈ ಕೊನೆಯ ಹಂತಕ್ಕಾಗಲಿ, ಮಿಥೋಟ್ರೆಕ್ಸೇಟ್ ಗುಳಿಗೆ ವಾರಕ್ಕೊಮ್ಮೆ ಮಾತ್ರ! ತಪ್ಪು ತಿಳಿದು ದಿನಾ ನುಂಗಿದವರು ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಸತ್ತ ಪ್ರಕರಣಗಳು ಹಲವು ದೇಶಗಳಲ್ಲಿ ಆಗಿವೆ. ಓದು ಬಾರದ ಅಜ್ಜಿಗೆ ‘ವೀಕ್ಲಿ’ ಎಂದು ಇಂಗ್ಲಿಷಿನಲ್ಲಿ ಬರೆದು ಕೊಟ್ಟರೆ ಏನು ತಿಳಿದೀತು? ಪಾಕೀಟಿನ ಮೇಲೆ ಕನ್ನಡದಲ್ಲಿ ದಪ್ಪಗೆ ‘ಸೋಮವಾರ ಮಾತ್ರ’ ಎಂದೋ, ಡಾಕ್ಟರು ಹೇಳಿದ ವಾರದ ಹೆಸರನ್ನೋ ಬರೆಯಿರಿ, ಬಾಯಲ್ಲೂ ಹೇಳಿ. ಚೀಟಿಯಿಲ್ಲದೆ ಕೊಡಲೇಬೇಡಿ. ಸಂಧಿವಾತದವರಿಗೆ ಉಳಿದ ದಿನ ಜೊತೆಗೆ ಫೋಲಿಕ್ ಆಮ್ಲದ ಗುಳಿಗೆಯನ್ನೂ ಬರೆದಿರುತ್ತಾರೆ. ಎರಡನ್ನೂ ಅದಲುಬದಲು ಮಾಡಿಕೊಳ್ಳದಂತೆ ನೋಡಿಕೊಳ್ಳಿ. ಒಂದೇ ಚೀಟಿಯ ಮೇಲಿನ ಈ ಊಟ ಮತ್ತು ಈ ವಿಷ, ಎರಡೂ ಭೀಮಾವರದ ಅದೇ ಮನುಷ್ಯನ ಕೈಗುಣ.

ಹಾಗೆಯೇ ಎರಡು ವಾರವಾದರೂ ಬಿಡದ ಜ್ವರಕ್ಕೆ, ಬಿಳಿಚಿಕೊಂಡ ಮಗುವಿಗೆ, ಒಸಡಿನ ರಕ್ತಕ್ಕೆ ಮೂರನೆಯ ಸಲವೂ ಜ್ವರದ ಸಿರಪ್ ಕೇಳಿಕೊಂಡು ಯಾರಾದರೂ ಬಂದರೆ, ಬಾಟಲಿ ಕೊಟ್ಟು ಕಳಿಸಬೇಡಿ. ತಾಲ್ಲೂಕು ಸರಕಾರಿ ದವಾಖಾನೆಗೆ ಹೋಗಿ ರಕ್ತಕಣದ ಎಣಿಕೆ ಮಾಡಿಸಿರಿ ಎನ್ನಿ. ಒಂದು ಹನಿ ರಕ್ತ ಗಾಜಿನ ಮೇಲೆ ಸವರಿ ನೋಡುವ ಸಾದಾ ಪರೀಕ್ಷೆ ಅದು. ಜ್ವರದ ಸಿರಪ್ಪಿನ ಮೇಲೆ ಹೋದ ವಾರಗಳನ್ನು ಮತ್ತೆ ತರಲು ಯಾವ ವಿಜ್ಞಾನಿಯಿಂದಲೂ ಆಗದು.